550 ಬ್ರಷ್ ಮೋಟಾರ್ ಸುಟ್ಟಿತು, 1/10 ಟ್ರಕ್‌ಗೆ ಈಗ ಯಾವ ಮೋಟಾರ್ ಹಾಕಲಿ?

ಕೆಮ್ಮಣ್ಣು, ತುಮಕೂರು

ಎಲ್ಲರಿಗೂ ನಮಸ್ಕಾರ. ಒಂದು ವರ್ಷದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನ್ನ ಹತ್ತಿರ ರಿಮೋಟ್‌ನಲ್ಲಿ ಓಡಿಸುವ ಸೆಕೆಂಡ್ ಹ್ಯಾಂಡ್ 1/10 ಶಾರ್ಟ್ ಕೋರ್ಸ್ ಟ್ರಕ್ ಇದೆ, ಅಂದರೆ ಮಣ್ಣಿನ ರೇಸ್ ಟ್ರಕ್ಕಿನ ಹತ್ತನೇ ಒಂದು ಅಳತೆಯ ಮಾದರಿ. ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ. ಒಳಗೆ 12 ಟರ್ನ್ 550 ಬ್ರಷ್ ಮೋಟಾರ್ ಇತ್ತು (550 ಅಂದರೆ ಮೋಟಾರ್ ಡಬ್ಬಿಯ ಸೈಜ್, ಟರ್ನ್ ಅಂದರೆ ಒಳಗಿನ ತಂತಿಯ ಸುತ್ತು). ಬ್ಯಾಟರಿ 2ಎಸ್ ಲಿಪೊ, ಅಂದರೆ ಸಾಲಾಗಿ ಎರಡು ಸೆಲ್ಲಿನ ಲಿಥಿಯಂ ಪಾಲಿಮರ್, 5000 ಎಂಎಎಚ್. ಹೋದ ಭಾನುವಾರ ಕೊರಟಗೆರೆ ಕಡೆ ನಮ್ಮ ಮಾವನ ಹೊಲಕ್ಕೆ ಹೋಗಿದ್ದೆ. ರಾಗಿ ಕೊಯ್ದು ಹೊಲ ಖಾಲಿ ಇತ್ತು, ಮಣ್ಣು ಸಡಿಲ, ಅಲ್ಲಲ್ಲಿ ಕೂಳೆ. ಎಂಟು ನಿಮಿಷ ಓಡಿತು, ಆಮೇಲೆ ಶಕ್ತಿ ಕಡಿಮೆ ಆಯಿತು, ನಾನು ಬ್ಯಾಟರಿ ಇಳಿಯಿತೇನೋ ಅಂದುಕೊಂಡು ಇನ್ನೂ ಎರಡು ಸುತ್ತು ಹೊಡೆಸಿದೆ. ಸುಟ್ಟ ವಾಸನೆ ಬಂತು. ಬಾಡಿ ತೆಗೆದರೆ ಮೋಟಾರಿನ ಹಿಂದಿನ ಬಾಯಿಂದ ಹೊಗೆ. ಮುಟ್ಟಲು ಆಗಲಿಲ್ಲ, ಅಷ್ಟು ಬಿಸಿ.

ಈಗ ಬ್ರಷ್‌ಲೆಸ್‌ಗೆ, ಅಂದರೆ ಕಾರ್ಬನ್ ಬ್ರಷ್ ಇಲ್ಲದ ಮೋಟಾರಿಗೆ, ಹೋಗಬೇಕು ಅಂತ ಇದೆ. ಒಂದು ಕಡೆ 3650 ಸೈಜಿನ 4300 ಕೆವಿ ಮೋಟಾರ್ ಜೊತೆಗೆ 60 ಆಂಪಿಯರ್ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸರ್ಕ್ಯೂಟ್) ಸೇರಿಸಿ ಕೊಡುತ್ತಾರೆ. ಗೆಳೆಯ ಒಬ್ಬ ಅದೇ ತಗೋ, ಮುಂದೆ 3ಎಸ್ ಹಾಕಿದರೆ ವೇಗ 80 ಕಿಮೀ ದಾಟುತ್ತದೆ ಅನ್ನುತ್ತಾನೆ. 3300, 3900, 5200 ಅಂತೆಲ್ಲ ಇನ್ನೂ ಇವೆ. ಕೆವಿ ಜಾಸ್ತಿ ಇದ್ದಷ್ಟೂ ಒಳ್ಳೆಯದಾ? ದಯವಿಟ್ಟು ತಿಳಿದವರು ಹೇಳಿ. ಇನ್ನೊಂದು ಸಲ ದುಡ್ಡು ಸುಡುವ ಶಕ್ತಿ ನನಗಿಲ್ಲ.

ಚಾಂಪಿಯನ್‌ರೀಫ್_ಹುಡುಗ, ಕೆಜಿಎಫ್

ಅಣ್ಣಾ, ಬ್ರಷ್‌ಲೆಸ್‌ಗೆ ಹೋಗಿ, ಎರಡು ಮಾತಿಲ್ಲ. ಬ್ರಷ್ ಮೋಟಾರಿನಲ್ಲಿ ಕಾರ್ಬನ್ ಸವೆಯುತ್ತದೆ, ಅದು ತಾಗುವ ತಾಮ್ರದ ಕಮ್ಯುಟೇಟರ್ ಕಪ್ಪಾಗುತ್ತದೆ, ನಮ್ಮ ಕಡೆ ಧೂಳಿಗಂತೂ ಮೂರು ತಿಂಗಳು ಬಾಳಿದರೆ ದೊಡ್ಡದು. ಆದರೆ 4300 ಬೇಡ. ಕಡಿಮೆ ಕೆವಿ ತಗೊಂಡು 3ಎಸ್ ಹಾಕಿ. ಕಡಿಮೆ ಕೆವಿ ಅಂದರೆ ಟಾರ್ಕ್ ಜಾಸ್ತಿ. ನನ್ನ ಟ್ರಕ್ ಎರಡು ವರ್ಷದಿಂದ ಹಾಗೇ ಓಡುತ್ತಿದೆ.

ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ ಅಂತ ಗೊತ್ತಲ್ವಾ? ಹೊರೆ ಇಲ್ಲದಾಗ ಒಂದು ವೋಲ್ಟ್‌ಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ.

ಬಂಡೆಮೇಲೆ, ತುಮಕೂರು

ಸ್ವಲ್ಪ ತಾಳಿ. ಮೋಟಾರ್ ಹೇಳುವ ಮೊದಲು ಗಾಡಿಯ ವಿಷಯ ಗೊತ್ತಾಗಬೇಕು. ಪಿನಿಯನ್, ಅಂದರೆ ಮೋಟಾರ್ ಶಾಫ್ಟಿನ ಸಣ್ಣ ಗೇರ್, ಎಷ್ಟು ಹಲ್ಲು? ಅದು ತಿರುಗಿಸುವ ದೊಡ್ಡ ಗೇರ್ ಸ್ಪರ್ ಎಷ್ಟು? ಟೈರಿನ ಅಡ್ಡಳತೆ? ಬ್ಯಾಟರಿ ಸೇರಿಸಿ ತೂಕ? ಜಾಸ್ತಿ ಓಡಿಸುವುದು ಎಲ್ಲಿ, ಹೊಲದಲ್ಲೇ ಅಥವಾ ಸ್ಟೇಡಿಯಂ ಹತ್ತಿರದ ಗಟ್ಟಿ ನೆಲದಲ್ಲಾ?

ಒಳ್ಳೆ ಮೋಟಾರ್ ಇತ್ತು, ಸುಮ್ನೆ ಸುಟ್ಟಿರುವುದಿಲ್ಲ. ಯಾಕೆ ಸುಟ್ಟಿತು ಅಂತ ಗೊತ್ತಾಗದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಕೆಮ್ಮಣ್ಣು, ತುಮಕೂರು

ಸರ್, ಎಲ್ಲ ನೋಡಿ ಬರೆಯುತ್ತಿದ್ದೇನೆ. ಸ್ಪರ್ 86 ಹಲ್ಲು. ಗೇರ್‌ಬಾಕ್ಸ್ ಒಳಗಿನ ಅನುಪಾತ 2.72 ಅಂತ ಕಾಗದದಲ್ಲಿ ಇದೆ. ಟೈರ್ 110 ಎಂಎಂ. ಕಿರಾಣಿ ಅಂಗಡಿ ತಕ್ಕಡಿಯಲ್ಲಿ ಇಟ್ಟೆ, 2.3 ಕೆಜಿ. ಮುಕ್ಕಾಲು ಭಾಗ ಹೊಲ ಮತ್ತು ಮಣ್ಣಿನ ಮೈದಾನ.

ಪಿನಿಯನ್ 23. ಮೊದಲು 18 ಇತ್ತು, ವೇಗ ಬೇಕು ಅಂತ ನಾನೇ ಎರಡು ತಿಂಗಳ ಹಿಂದೆ ಬದಲಾಯಿಸಿದೆ. ಡಾಂಬರಿನ ಮೇಲೆ ಚೆನ್ನಾಗಿ ಹೋಗುತ್ತಿತ್ತು.

ಬಂಡೆಮೇಲೆ, ತುಮಕೂರು

ಸಿಕ್ಕಿತು. 23 ಹಲ್ಲು ಮತ್ತು ಸಡಿಲ ಮಣ್ಣು. ಮೋಟಾರಿನ ತಪ್ಪಲ್ಲ ಇದು.

ವೈಂಡಿಂಗ್_ಚಿಂತಾಮಣಿ

ತಮ್ಮಾ, ನಾನು ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವವನು. ಅಪ್ಪನ ಕಾಲದಿಂದ ಅದೇ ಕೆಲಸ. ಈ ಸಣ್ಣ ಗಾಡಿ ಮಗನ ಜೊತೆ ಶುರುವಾದದ್ದು, ಈಗ ಅವನು ಕಾಲೇಜಿಗೆ ಹೋದ, ಗಾಡಿ ನನ್ನ ಹತ್ತಿರ ಉಳಿಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಮ್ಮ ಅಂಗಡಿಗೆ ಸುಟ್ಟ ಮೋಟಾರ್ ಬಂದಾಗ ಮೊದಲು ಕೇಳುವುದು ಮೋಟಾರಿನ ಬಗ್ಗೆ ಅಲ್ಲ. ನೀರು ಎಷ್ಟು ಅಡಿಗೆ ಇಳಿದಿದೆ, ಪಂಪ್ ಎಷ್ಟು ಸ್ಟೇಜ್, ವೋಲ್ಟೇಜ್ ಎಷ್ಟು ಬರುತ್ತದೆ ಅಂತ ಕೇಳುತ್ತೇವೆ. ಹೊರೆ ಮತ್ತು ಮೋಟಾರ್ ಹೊಂದದಿದ್ದರೆ ಎಂಥ ತಾಮ್ರ ಸುತ್ತಿದರೂ ಅದು ಮತ್ತೆ ನಮ್ಮ ಅಂಗಡಿಗೇ ಬರುತ್ತದೆ. ನಿಮ್ಮ ಗಾಡಿಯದೂ ಇದೇ ಕಥೆ.

ಲೆಕ್ಕ ನೋಡಿ. 86 ಅನ್ನು 18ರಿಂದ ಭಾಗಿಸಿ 2.72ರಿಂದ ಗುಣಿಸಿದರೆ 13 ಬರುತ್ತದೆ. ಅಂದರೆ ಮೋಟಾರ್ 13 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಪಿನಿಯನ್ 23 ಹಾಕಿದ ಮೇಲೆ ಅದು 10.2ಕ್ಕೆ ಇಳಿಯಿತು. ಚಕ್ರಕ್ಕೆ ಬೇಕಾದ ಬಲ ಅಷ್ಟೇ ಇದೆ, ಮಣ್ಣು ಕಡಿಮೆ ಕೇಳುವುದಿಲ್ಲ. ಹಾಗಾಗಿ ಮೋಟಾರ್ ಕೊಡಬೇಕಾದ ಬಲ ಸುಮಾರು 28 ಪರ್ಸೆಂಟ್ ಜಾಸ್ತಿ ಆಯಿತು. ಬಲ ಅಂದರೆ ಆಂಪಿಯರ್. ತಂತಿಯ ಬಿಸಿ ಆಂಪಿಯರಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 1.28 ಸಲ 1.28, ಅಂದರೆ 1.64ರ ಹತ್ತಿರ. ಐದು ಹಲ್ಲು ಜಾಸ್ತಿ ಮಾಡಿ ಮೋಟಾರಿನೊಳಗಿನ ಬಿಸಿಯನ್ನು ಒಂದೂವರೆ ಪಟ್ಟಿಗಿಂತ ಮೇಲೆ ಏರಿಸಿದಿರಿ. ಅದರ ಮೇಲೆ ಸಡಿಲ ಮಣ್ಣು. ಡಾಂಬರಿನ ಮೇಲೆ ಗಾಡಿ ಒಮ್ಮೆ ವೇಗ ಹಿಡಿದರೆ ಮೋಟಾರಿಗೆ ವಿರಾಮ ಸಿಗುತ್ತದೆ. ಸಡಿಲ ಮಣ್ಣಿನಲ್ಲಿ ಅದು ಸಿಗುವುದೇ ಇಲ್ಲ, ಪ್ರತಿ ಅಡಿಗೂ ದಬ್ಬಬೇಕು.

ಇನ್ನೊಂದು ಮಾತು. ಮೋಟಾರ್ ಚೆನ್ನಾಗಿ ತಿರುಗುವಾಗ ಅದೇ ಒಂದು ಡೈನಮೋ ಥರ ಬ್ಯಾಟರಿಗೆ ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಆ ಎದುರು ವೋಲ್ಟೇಜೇ ಕರೆಂಟನ್ನು ಹಿಡಿತದಲ್ಲಿ ಇಡುವುದು. ಸುತ್ತು ಕಡಿಮೆ ಆದಂತೆ ಅದು ಇಳಿಯುತ್ತದೆ, ಕರೆಂಟ್ ನುಗ್ಗುತ್ತದೆ. ಕೂಳೆಗೆ ಸಿಕ್ಕಿ ಚಕ್ರ ನಿಂತಾಗ ನೀವು ರಿಮೋಟಿನ ಟ್ರಿಗರ್ ಒತ್ತಿ ಹಿಡಿದಿದ್ದರೆ ಆ ಎರಡು ಸೆಕೆಂಡಿನಲ್ಲಿ ಆಗಿರುವ ಹಾನಿ ಹತ್ತು ನಿಮಿಷದ ಓಟದಲ್ಲಿ ಆಗುವುದಿಲ್ಲ. ಶಕ್ತಿ ಕಡಿಮೆ ಆಯಿತು ಅಂದಿರಲ್ಲ, ಆಗಲೇ ನಿಲ್ಲಿಸಬೇಕಿತ್ತು. ಬಿಸಿಯಾದ ತಾಮ್ರಕ್ಕೆ ತಡೆ ಜಾಸ್ತಿ, ಬಿಸಿಯಾದ ಮ್ಯಾಗ್ನೆಟ್‌ಗೆ ಬಲ ಕಡಿಮೆ. ಅದು ಬ್ಯಾಟರಿಯ ಗುರುತಲ್ಲ, ಮೋಟಾರಿನ ಕೂಗು.

ಚಾಂಪಿಯನ್‌ರೀಫ್_ಹುಡುಗ, ಕೆಜಿಎಫ್

ಅಣ್ಣಾ ತುಂಬಾ ಚೆನ್ನಾಗಿ ಹೇಳಿದಿರಿ. ಅದಕ್ಕೇ ನಾನು ಹೇಳಿದ್ದು ಕಡಿಮೆ ಕೆವಿ ತಗೊಳ್ಳಿ ಅಂತ. ಟಾರ್ಕ್ ಜಾಸ್ತಿ ಇದ್ದರೆ ಮಣ್ಣಿನಲ್ಲಿ ಸುಡುವುದಿಲ್ಲ ಅಲ್ವಾ?

ವೈಂಡಿಂಗ್_ಚಿಂತಾಮಣಿ

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ, ಎಲ್ಲ ಕಡೆ ನೋಡುತ್ತೇನೆ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡಿ.

ಒಂದೇ ಸೈಜಿನ ಡಬ್ಬಿ. ಒಳಗೆ ತಾಮ್ರ ಹಿಡಿಸುವ ಜಾಗ ಅಷ್ಟೇ. ದಪ್ಪ ತಂತಿ ತಗೊಂಡರೆ ಸುತ್ತು ಕಡಿಮೆ ಬೀಳುತ್ತವೆ, ಕೆವಿ ಜಾಸ್ತಿ. ಸಣ್ಣ ತಂತಿ ತಗೊಂಡರೆ ಸುತ್ತು ಜಾಸ್ತಿ, ಕೆವಿ ಕಡಿಮೆ. ತಾಮ್ರದ ಒಟ್ಟು ತೂಕ ಹೆಚ್ಚುಕಮ್ಮಿ ಒಂದೇ, ಮ್ಯಾಗ್ನೆಟ್ ಒಂದೇ. ಹಾಗಿದ್ದ ಮೇಲೆ ಬಲ ಎಲ್ಲಿಂದ ಜಾಸ್ತಿ ಬರಬೇಕು?

ಕಡಿಮೆ ಕೆವಿಯಲ್ಲಿ ಪ್ರತಿ ಆಂಪಿಯರಿಗೆ ಸಿಗುವ ಬಲ ಜಾಸ್ತಿ, ಅದು ನಿಜ. 9.55 ಅನ್ನು ಕೆವಿಯಿಂದ ಭಾಗಿಸಿದರೆ ಒಂದು ಆಂಪಿಯರಿಗೆ ಎಷ್ಟು ನ್ಯೂಟನ್ ಮೀಟರ್ ಅಂತ ಬರುತ್ತದೆ. 4300ಕ್ಕೆ 0.0022. 3300ಕ್ಕೆ 0.0029. ಆದರೆ ಕಡಿಮೆ ಕೆವಿಯ ಸಣ್ಣ ತಂತಿಗೆ ತಡೆಯೂ ಜಾಸ್ತಿ. ಅದೇ ಬಲ ಕೊಡುವಾಗ ಎರಡು ಮೋಟಾರೂ ಒಳಗೆ ಅಷ್ಟೇ ಬಿಸಿ ಆಗುತ್ತವೆ. ಉಳಿತಾಯ ಆಗುವುದು ಬ್ಯಾಟರಿ, ಇಎಸ್‌ಸಿ, ಕನೆಕ್ಟರ್‌ಗೆ, ಯಾಕೆಂದರೆ ಅವುಗಳಲ್ಲಿ ಹರಿಯುವ ಆಂಪಿಯರ್ ಕಡಿಮೆ.

ನಿಜವಾದ ಬಲ ಬೇಕಾ, ಡಬ್ಬಿ ಉದ್ದ ಮಾಡಿ. 3650 ಅಂದರೆ 36 ಎಂಎಂ ಅಡ್ಡಳತೆ, 50 ಎಂಎಂ ಉದ್ದ. 3660 ಅಂದರೆ 60 ಎಂಎಂ ಉದ್ದ. ಆ 10 ಎಂಎಂನಲ್ಲಿ ಮ್ಯಾಗ್ನೆಟ್, ತಾಮ್ರ, ಬಿಸಿ ಹೊರಗೆ ಬಿಡುವ ಮೈ ಎಲ್ಲವೂ ಜಾಸ್ತಿ. 2.3 ಕೆಜಿ ಗಾಡಿ, ಸಡಿಲ ಮಣ್ಣು ಅಂದಮೇಲೆ ನಾನಾದರೆ 3660ಕ್ಕಿಂತ ಕೆಳಗೆ ನೋಡುವುದಿಲ್ಲ. ಕೆವಿ ಎಷ್ಟು ಅನ್ನುವುದು ಆಮೇಲಿನ ಮಾತು. ಅದು ನಿಮ್ಮ ಬ್ಯಾಟರಿಗೆ ಹೊಂದಿಸಿಕೊಳ್ಳುವುದಕ್ಕೆ ಇರುವ ನಂಬರ್.

ಚಾಂಪಿಯನ್‌ರೀಫ್_ಹುಡುಗ, ಕೆಜಿಎಫ್

ಇದನ್ನು ಎರಡು ಸಲ ಓದಿದೆ ಅಣ್ಣಾ. ಒಪ್ಪಿದೆ. ಇಷ್ಟು ದಿನ ನಾನು ಉಲ್ಟಾ ತಿಳಿದುಕೊಂಡಿದ್ದೆ, ನನ್ನ ಗಾಡಿ ಬಾಳುತ್ತಿರುವುದು ಡಬ್ಬಿ ದೊಡ್ಡದಿರುವುದಕ್ಕೆ ಅನ್ನಿಸುತ್ತಿದೆ.

ಆದರೆ 3ಎಸ್ ವಿಷಯ ನಾನು ಬಿಡುವುದಿಲ್ಲ. ನಮ್ಮ ಊರಿಗೆ 1902ರಲ್ಲಿ ಕರೆಂಟ್ ಬಂದದ್ದು ಶಿವನಸಮುದ್ರದಿಂದ, ಸುಮಾರು 147 ಕಿಮೀ ದೂರ. ನಮ್ಮ ತಾತ ಗಣಿಯಲ್ಲಿ ಕೆಲಸ ಮಾಡಿದವರು, ಚಿಕ್ಕವನಿದ್ದಾಗ ಆ ಕಥೆ ಹೇಳುತ್ತಿದ್ದರು. ಅಷ್ಟು ದೂರ ಕರೆಂಟ್ ತರಲು ಸಾಧ್ಯವಾದದ್ದು ವೋಲ್ಟೇಜ್ ಏರಿಸಿ ಕಳಿಸಿದ್ದರಿಂದ. ಅದೇ ಪವರ್, ವೋಲ್ಟೇಜ್ ಜಾಸ್ತಿ, ಕರೆಂಟ್ ಕಡಿಮೆ, ದಾರಿಯಲ್ಲಿ ಪೋಲಾಗುವುದು ಕಡಿಮೆ. ಇಲ್ಲೂ ಹಾಗೇ. 2ಎಸ್ ಬದಲು 3ಎಸ್ ಹಾಕಿ ಅದಕ್ಕೆ ತಕ್ಕಂತೆ ಕೆವಿ ಇಳಿಸಿದರೆ ಕರೆಂಟ್ ಮೂರರಲ್ಲಿ ಎರಡು ಭಾಗ. ವೈರು, ಕನೆಕ್ಟರ್ ಬಿಸಿ ಅರ್ಧಕ್ಕಿಂತ ಕಡಿಮೆ.

ವೈಂಡಿಂಗ್_ಚಿಂತಾಮಣಿ

ಈ ಮಾತು ನೂರಕ್ಕೆ ನೂರು ಸರಿ. ಕೆವಿ ಇಳಿಸಬೇಕು, ಅದು ಮುಖ್ಯ. ಕೆವಿ ಹಾಗೇ ಇಟ್ಟು 3ಎಸ್ ಹಾಕುವವರೇ ಜಾಸ್ತಿ.

ಮೂರುವೈರು, ತುಮಕೂರು

ನಾನು ಎಲೆಕ್ಟ್ರಿಕಲ್ ಮೂರನೇ ವರ್ಷ ಓದುತ್ತಿದ್ದೇನೆ. ಕಾಲೇಜಿನ ಕೆಲವು ಗೆಳತಿಯರು ಸೇರಿ ಒಂದು ಬಗ್ಗಿ ಕಟ್ಟಿದ್ದೇವೆ, ಅದಕ್ಕೆ ಮಾಡಿದ ಲೆಕ್ಕವನ್ನೇ ನಿಮ್ಮ ಗಾಡಿಗೆ ಹಾಕಿ ನೋಡಿದೆ.

ಕೆವಿಯನ್ನು ವೋಲ್ಟ್‌ನಿಂದ ಗುಣಿಸಿ, ಒಟ್ಟು ಗೇರ್ ಅನುಪಾತದಿಂದ ಭಾಗಿಸಿ, ಟೈರಿನ ಸುತ್ತಳತೆಯಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಮೀಟರ್ ಅಂತ ಬರುತ್ತದೆ. 110 ಎಂಎಂ ಟೈರಿನ ಸುತ್ತಳತೆ ಸುಮಾರು 0.346 ಮೀಟರ್. 18 ಹಲ್ಲಿನ ಪಿನಿಯನ್ ಇಟ್ಟುಕೊಳ್ಳೋಣ, ಅನುಪಾತ 13.

4300 ಕೆವಿ, 2ಎಸ್‌ನ 7.4 ವೋಲ್ಟ್: ಗಂಟೆಗೆ 51 ಕಿಮೀ.
3300 ಕೆವಿ, 2ಎಸ್: 39 ಕಿಮೀ.
3300 ಕೆವಿ, 3ಎಸ್‌ನ 11.1 ವೋಲ್ಟ್: 58 ಕಿಮೀ.

ಇದು ಕಾಗದದ ವೇಗ. ಹೊರೆ ಬಿದ್ದಾಗ ಮೋಟಾರ್ ಸುತ್ತೂ ಇಳಿಯುತ್ತದೆ, ಬ್ಯಾಟರಿ ವೋಲ್ಟೇಜೂ ಇಳಿಯುತ್ತದೆ, ಹೊಲದಲ್ಲಿ ಇನ್ನೂ ಕಡಿಮೆ. ಆದರೆ ಒಂದನ್ನೊಂದು ಹೋಲಿಸಲು ಸಾಕು. ಎರಡು ಚಕ್ರದ ಡ್ರೈವ್ ಗಾಡಿಗೆ ಸಡಿಲ ಮಣ್ಣಿನಲ್ಲಿ 39 ಅಂದರೇ ಜಾಸ್ತಿ ಅಣ್ಣಾ, ಅರ್ಧ ಟ್ರಿಗರ್‌ಗೇ ಹಿಂದಿನ ಚಕ್ರ ಜಾರಿ ಗಾಡಿ ಗಿರ್ ಅಂತ ತಿರುಗುತ್ತದೆ.

ನಿಮ್ಮ ಗೆಳೆಯರು 4300ಕ್ಕೆ 3ಎಸ್ ಅಂದಿದ್ದಾರಲ್ಲ, ಅದು ಬೇಡವೇ ಬೇಡ. ಪೂರ್ತಿ ಚಾರ್ಜ್ ಆದ 3ಎಸ್ 12.6 ವೋಲ್ಟ್ ಇರುತ್ತದೆ. 4300 ಸಲ 12.6 ಅಂದರೆ ನಿಮಿಷಕ್ಕೆ 54,000 ಸುತ್ತು. ಈ ಸೈಜಿನ ಎಷ್ಟೋ ಮೋಟಾರುಗಳ ಮೇಲೆ 50,000 ಅಂತ ಮಿತಿ ಬರೆದಿರುತ್ತಾರೆ. ಗಾಡಿ ಹಾರಿ ಚಕ್ರ ನೆಲ ಬಿಟ್ಟಾಗ ಮೋಟಾರ್ ಆ ಸುತ್ತಿಗೆ ಹೋಗಿಯೇ ಹೋಗುತ್ತದೆ. ಬೇರಿಂಗ್ ಹೋಗುತ್ತದೆ, ಒಳಗೆ ತಿರುಗುವ ರೋಟರಿನ ಮ್ಯಾಗ್ನೆಟ್ ಒಡೆದರೆ ಸುತ್ತಲಿನ ತಂತಿಯ ಸ್ಟೇಟರೂ ಹಾಳು.

ಹಂಚಿನಮನೆ, ಗೌರಿಬಿದನೂರು

ನನ್ನದು ಟಾಮಿಯಾ ಟಿಟಿ-02, ರಸ್ತೆಯ ಮೇಲೆ ಓಡಿಸುವ ಕಾರು. ಡಾಂಬರು, ಕಾಂಕ್ರೀಟ್ ಮೇಲೆ ಮಾತ್ರ ಓಡಿಸುತ್ತೇನೆ. ಕಿಟ್‌ನಲ್ಲಿ ಬಂದ 540 ಬ್ರಷ್ ಮೋಟಾರೇ ಇನ್ನೂ ಇದೆ. ಸ್ಪರ್ 70, ಪಿನಿಯನ್ 22, ಒಳಗೆ 2.6, ಒಟ್ಟು 8.27. ಕೆಮ್ಮಣ್ಣು ಅವರ 10.2ಕ್ಕೆ ಮೋಟಾರ್ ಸುಟ್ಟಿತು, ನನ್ನ 8.27ಕ್ಕೆ ಏನೂ ಆಗಿಲ್ಲ. ಚಿಕ್ಕ ಟೈರು, ಹಗುರ ಗಾಡಿ, ಗಟ್ಟಿ ನೆಲ. ಹಾಗಾಗಿ ಒಬ್ಬರ ಗೇರ್ ಅನುಪಾತ ನೋಡಿ ಇನ್ನೊಬ್ಬರು ಹಾಕಬೇಡಿ.

ಬಂಡೆಮೇಲೆ, ತುಮಕೂರು

ಬ್ರಷ್ ಮೋಟಾರಿನ ಪರವಾಗಿ ಎರಡು ಮಾತು ಹೇಳಲೇಬೇಕು, ಯಾರೂ ಹೇಳುತ್ತಿಲ್ಲ.

ನಾನು ಓಡಿಸುವುದು ಕ್ರಾಲರ್, ಅಂದರೆ ನಿಧಾನವಾಗಿ ಬಂಡೆ ಹತ್ತುವ ಗಾಡಿ, ದೇವರಾಯನದುರ್ಗದ ಕಡೆಯ ಬಂಡೆಗಳ ಮೇಲೆ. 35 ಟರ್ನ್ 540 ಮೋಟಾರ್. ನಡೆಯುವ ವೇಗಕ್ಕಿಂತ ಕಡಿಮೆ. ಚಕ್ರವನ್ನು ಬಂಡೆಯ ಅಂಚಿಗೆ ಇಟ್ಟು ಒಂದು ಅಂಗುಲ, ಇನ್ನೊಂದು ಅಂಗುಲ ಅಂತ ಏರಿಸಬೇಕು. ಅಲ್ಲಿ ಸೆನ್ಸರ್ ಇಲ್ಲದ ಬ್ರಷ್‌ಲೆಸ್ ಹಾಕಿದರೆ ನಡುಗುತ್ತದೆ, ತಡವರಿಸುತ್ತದೆ. ಸೆನ್ಸರ್ ಇಲ್ಲದ ಇಎಸ್‌ಸಿಗೆ ರೋಟರ್ ಎಲ್ಲಿದೆ ಅಂತ ಗೊತ್ತಾಗುವುದೇ ಆ ಎದುರು ವೋಲ್ಟೇಜಿನಿಂದ. ನಿಂತ ಮೋಟಾರಿನಲ್ಲಿ ಅದು ಇರುವುದಿಲ್ಲ. ಹಾಗಾಗಿ ಶುರುವಿನಲ್ಲಿ ಅಂದಾಜಿನ ಮೇಲೆ ತಳ್ಳುತ್ತದೆ. ಸೆನ್ಸರ್ ಇರುವ ಮೋಟಾರಿನಲ್ಲಿ ಹಾಲ್ ಸೆನ್ಸರ್‌ಗಳು ರೋಟರಿನ ಜಾಗ ಹೇಳುತ್ತವೆ, ಬೆಣ್ಣೆ ಥರ ಹೊರಡುತ್ತದೆ. ಬೆಲೆ ಜಾಸ್ತಿ, ಮತ್ತೆ ಒಂದು ಸಣ್ಣ ಕೇಬಲ್ಲು ಜಾಸ್ತಿ, ಅದು ಸಡಿಲವಾದರೆ ತಲೆನೋವು.

ಬ್ರಷ್ ಇಎಸ್‌ಸಿ ತಗೊಳ್ಳುವವರು ಟರ್ನ್ ಮಿತಿ ನೋಡಿ. ಹಾಬಿವಿಂಗ್ 1060ರಲ್ಲಿ 2ಎಸ್‌ಗೆ 12 ಟರ್ನ್, 3ಎಸ್‌ಗೆ 18 ಟರ್ನ್. ಅದಕ್ಕಿಂತ ಕಡಿಮೆ ಟರ್ನ್ ಮೋಟಾರ್ ಹಾಕಬಾರದು.

ಕೆಮ್ಮಣ್ಣು ಅವರಿಗೆ ಸೆನ್ಸರ್ ಬೇಕಿಲ್ಲ. ಹೊಲದಲ್ಲಿ ಓಡಿಸುವವರಿಗೆ ಶುರುವಿನ ಆ ಸಣ್ಣ ತಡವರಿಕೆ ಗೊತ್ತೂ ಆಗುವುದಿಲ್ಲ.

ಕೆಮ್ಮಣ್ಣು, ತುಮಕೂರು

ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಕೂತು ಎಲ್ಲ ಲೆಕ್ಕ ನಾನೇ ಇನ್ನೊಮ್ಮೆ ಮಾಡಿದೆ, ಸರಿಯಾಗಿ ಬಂತು.

3660 ಸೈಜ್, 3300 ಕೆವಿ, 60 ಆಂಪಿಯರ್ ಇಎಸ್‌ಸಿ ಅಂತ ತೀರ್ಮಾನ ಮಾಡಿದೆ. ಬ್ಯಾಟರಿ ಸದ್ಯಕ್ಕೆ ಇರುವ 2ಎಸ್. ಒಂದೇ ಭಯ, ಆ ಉದ್ದದ ಮೋಟಾರ್ ಕೂರುತ್ತದಾ? ಶಾಫ್ಟ್ ಸೈಜ್ ಬೇರೆ ಇರುತ್ತದಾ? ಹಾಕುವಾಗ ಏನು ನೋಡಬೇಕು?

ವೈಂಡಿಂಗ್_ಚಿಂತಾಮಣಿ

550 ಕೂತಿದ್ದ ಜಾಗ ಅಲ್ವಾ, ಅದೇ 57 ಎಂಎಂ ಹತ್ತಿರ ಇರುತ್ತದೆ. 60 ಕೂರುತ್ತದೆ. ಆದರೂ ಹಿಂದಿನ ತುದಿಯಿಂದ ವೈರು ಹೊರಡುತ್ತದೆ, ಅದು ತಿರುಗುವ ಭಾಗಕ್ಕೆ ತಾಗದಂತೆ ನೋಡಿ. ಶಾಫ್ಟ್ 3.17 ಎಂಎಂ, ನಿಮ್ಮ ಹಳೆ ಪಿನಿಯನ್ನೇ ಆಗುತ್ತದೆ. ತಗೊಳ್ಳುವ ಮುಂಚೆ ಒಂದು ಸಲ ಕೇಳಿಕೊಳ್ಳಿ, ಉದ್ದ ಡಬ್ಬಿಯ ಕೆಲವು ಮೋಟಾರಿಗೆ 5 ಎಂಎಂ ಶಾಫ್ಟ್ ಬರುತ್ತದೆ.

ಈಗ ಮುಖ್ಯ ಮಾತು, ಸ್ಕ್ರೂ. ಮೋಟಾರ್ ಹಿಡಿಸುವ ಎಂ3 ಸ್ಕ್ರೂ ಉದ್ದ ಜಾಸ್ತಿ ಆದರೆ ಡಬ್ಬಿಯೊಳಗೆ ನುಗ್ಗಿ ವೈಂಡಿಂಗ್‌ಗೆ ತಾಗುತ್ತದೆ. ಮೇಲಿನ ವಾರ್ನಿಷ್ ಕೆರೆದರೆ ಶಾರ್ಟ್, ಹೊಸ ಮೋಟಾರೂ ಇಎಸ್‌ಸಿಯೂ ಒಟ್ಟಿಗೆ ಹೋಗುತ್ತವೆ. ನನ್ನ ಹತ್ತಿರ ಹೀಗೆ ಬಂದ ಹೊಚ್ಚ ಹೊಸ ಮೋಟಾರ್ ಎರಡು ಇವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಪ್ಲೇಟಿನ ದಪ್ಪ ಅಳೆಯಿರಿ, ಮೋಟಾರ್ ಮುಖದ ದಪ್ಪ ಅಳೆಯಿರಿ, ಅದಕ್ಕೆ ತಕ್ಕ ಸ್ಕ್ರೂ ಹಾಕಿ. ಅನುಮಾನ ಇದ್ದರೆ ವಾಷರ್ ಕೊಡಿ.

ಗೇರ್ ಕೂರಿಸುವಾಗ ಪಿನಿಯನ್ ಮತ್ತು ಸ್ಪರ್ ನಡುವೆ ನೋಟ್‌ಬುಕ್ಕಿನ ಕಾಗದದ ಪಟ್ಟಿ ಇಟ್ಟು ಒತ್ತಿ, ಸ್ಕ್ರೂ ಬಿಗಿ ಮಾಡಿ, ಕಾಗದ ಎಳೆದುಬಿಡಿ. ಅಷ್ಟು ಸಂದು ಇದ್ದರೆ ಸರಿ. ಪಿನಿಯನ್ನಿನ ಸಣ್ಣ ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಬೇಕು, ಒಂದು ತೊಟ್ಟು ಥ್ರೆಡ್ ಲಾಕ್ ಹಾಕಿ. ಮೂರು ವೈರು ಹೇಗೆ ಬೇಕಾದರೂ ಸೇರಿಸಿ, ಗಾಡಿ ಹಿಂದಕ್ಕೆ ಹೋದರೆ ಯಾವುದಾದರೂ ಎರಡನ್ನು ಅದಲುಬದಲು ಮಾಡಿ. ಬ್ಯಾಟರಿ ಕಡೆಯ ಕೆಂಪು ಕಪ್ಪು ಮಾತ್ರ ಅದಲುಬದಲು ಆಗಲೇಬಾರದು.

ಶುರುವಿಗೆ 17 ಹಲ್ಲು. ಬೇಕಾದರೆ ಆಮೇಲೆ ಒಂದೊಂದೇ ಏರಿಸಿ.

ಮೂರುವೈರು, ತುಮಕೂರು

ಇಎಸ್‌ಸಿಯಲ್ಲಿ ಲಿಪೊ ಕಟ್‌ಆಫ್ (ಬ್ಯಾಟರಿ ಜಾಸ್ತಿ ಇಳಿಯುವ ಮೊದಲೇ ಮೋಟಾರ್ ನಿಲ್ಲಿಸುವುದು) ಆನ್ ಇದೆಯಾ ಅಂತ ಮೊದಲು ನೋಡಿ ಅಣ್ಣಾ. ಹಳೆ ಥರದ ಎನ್‌ಐಎಂಎಚ್ ಬ್ಯಾಟರಿಯ ಸೆಟ್ಟಿಂಗ್‌ನಲ್ಲಿ ಬಿಟ್ಟರೆ ಸೆಲ್ 3 ವೋಲ್ಟ್‌ಗಿಂತ ಕೆಳಗೆ ಹೋಗಿ ಬ್ಯಾಟರಿ ಊದಿಕೊಳ್ಳುತ್ತದೆ. ನಾನು 3.2ಕ್ಕೆ ಇಟ್ಟಿದ್ದೇನೆ. ವಾರಗಟ್ಟಲೆ ಓಡಿಸದಿದ್ದರೆ ಪ್ರತಿ ಸೆಲ್ 3.8ರ ಹತ್ತಿರ ಇಟ್ಟು ಎತ್ತಿಡಿ.

ಹೊಡೆತ ಬಿದ್ದಾಗ ಜಾರಿ ಗೇರ್ ಉಳಿಸುವ ಸ್ಲಿಪ್ಪರ್ ಕ್ಲಚ್ ಸ್ವಲ್ಪ ಸಡಿಲ ಮಾಡಿ. ಬ್ರಷ್‌ಲೆಸ್ ಹೊಡೆತಕ್ಕೆ ಪ್ಲಾಸ್ಟಿಕ್ ಗೇರ್ ಹಲ್ಲು ಉದುರುವುದು ಇಲ್ಲೇ.

ನಂದಿತಪ್ಪಲು, ಚಿಕ್ಕಬಳ್ಳಾಪುರ

ಒಬ್ಬ ತಾಯಿಯಾಗಿ ಒಂದು ಮಾತು. ಹೋದ ವರ್ಷ ಮೈದಾನದಲ್ಲಿ ಯಾರದೋ ಗಾಡಿ ಬಂದು ನನ್ನ ಮಗನ ಕಾಲಿಗೆ ಬಡಿಯಿತು. ಪಾದದ ಗಂಟಿನ ಹತ್ತಿರ ನಾಲ್ಕು ಹೊಲಿಗೆ. ಎರಡು ಕೆಜಿಗಿಂತ ಜಾಸ್ತಿ ತೂಕ 40 ಕಿಮೀ ವೇಗದಲ್ಲಿ ಬಂದರೆ ಅದು ಆಟದ ಸಾಮಾನು ಅಲ್ಲ. ಈಗ ನನ್ನ ಮಗನೂ ಓಡಿಸುತ್ತಾನೆ, ನಾನು ಬೇಡ ಅನ್ನಲಿಲ್ಲ. ಆದರೆ ಟ್ರಾನ್ಸ್‌ಮಿಟರ್‌ನಲ್ಲಿ ಥ್ರಾಟಲ್ ಅರ್ಧಕ್ಕೆ ಇಳಿಸಿ ಕೊಟ್ಟಿದ್ದೇನೆ, ಮಕ್ಕಳು ಆಡುವ ಹೊತ್ತಿನಲ್ಲಿ ಮೈದಾನಕ್ಕೆ ಹೋಗುವುದಿಲ್ಲ. ಹೊಸ ಮೋಟಾರ್ ಹಾಕಿದವರು ಮೊದಲ ದಿನ ಸಿಗ್ನಲ್ ಹೋದರೆ ಗಾಡಿ ನಿಲ್ಲುತ್ತದಾ ಅಂತ ಚಕ್ರ ಎತ್ತಿಟ್ಟು ಪರೀಕ್ಷೆ ಮಾಡಿ.

ಕೆಮ್ಮಣ್ಣು, ತುಮಕೂರು

ಅಕ್ಕ, ಖಂಡಿತ ಮಾಡುತ್ತೇನೆ. ನಮ್ಮ ಅಕ್ಕನ ಮಗಳೂ ಜೊತೆಗೆ ಬರುತ್ತಾಳೆ, ಇದು ನನ್ನ ತಲೆಗೇ ಬಂದಿರಲಿಲ್ಲ.

ಕೆಮ್ಮಣ್ಣು, ತುಮಕೂರು (ಮೂರು ವಾರದ ನಂತರ)

ಹೇಳಿದ್ದೆಲ್ಲ ಮಾಡಿದೆ, ಏನಾಯಿತು ಅಂತ ಬರೆಯುವುದು ನನ್ನ ಕರ್ತವ್ಯ.

ಮೋಟಾರ್ ಕೂತಿತು. ಹಳೆ ಸ್ಕ್ರೂ ನಿಜವಾಗಿಯೂ ಬೇಕಾದ್ದಕ್ಕಿಂತ 2 ಎಂಎಂ ಜಾಸ್ತಿ ಉದ್ದ ಇತ್ತು. ಯಜಮಾನರು ಹೇಳದೇ ಇದ್ದಿದ್ದರೆ ಹಾಗೇ ಬಿಗಿ ಮಾಡುತ್ತಿದ್ದೆ. ವಾಷರ್ ಕೊಟ್ಟೆ. ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿದೆ, ಗಾಡಿ ನಿಲ್ಲಲಿಲ್ಲ! ಚಕ್ರ ಹಾಗೇ ತಿರುಗುತ್ತಿತ್ತು. ರಿಸೀವರಿನ ಫೇಲ್‌ಸೇಫ್ ಯಾರೂ ಸೆಟ್ ಮಾಡಿರಲಿಲ್ಲ. ಈಗ ಮಾಡಿದ್ದೇನೆ. ಅಕ್ಕನಿಗೆ ನಾನು ಋಣಿ.

ಬಿಸಿ ಅಳೆಯಲು ಮನೆಯಲ್ಲಿ ಕೊರೊನಾ ಸಮಯದಲ್ಲಿ ತಂದ ಹಣೆ ಥರ್ಮಾಮೀಟರ್ ಇತ್ತು. ಅದು ಮೈ ಬಿಸಿಯ ಲೆಕ್ಕದ್ದು, 43 ಡಿಗ್ರಿ ದಾಟಿದರೆ ನಂಬರೇ ತೋರಿಸುವುದಿಲ್ಲ. ಆಮೇಲೆ ಎಸಿ ರಿಪೇರಿ ಮಾಡುವ ಸ್ನೇಹಿತನ ಹತ್ತಿರ ಗನ್ ಥರದ್ದು ತಂದೆ.

ಅದೇ ಹೊಲ, ಮಧ್ಯಾಹ್ನ ನಾಲ್ಕು ಗಂಟೆ, ಹೊರಗೆ 31 ಡಿಗ್ರಿ. 17 ಹಲ್ಲಿನ ಪಿನಿಯನ್‌ನಲ್ಲಿ 15 ನಿಮಿಷ ಓಡಿಸಿದ ಮೇಲೆ ಮೋಟಾರ್ 62, ಇಎಸ್‌ಸಿ 50. ಮುಂದಿನ ವಾರ 19 ಹಾಕಿ ಅಷ್ಟೇ ಹೊತ್ತು ಓಡಿಸಿದೆ. ಮೋಟಾರ್ 74. ಎರಡು ಹಲ್ಲಿಗೆ 12 ಡಿಗ್ರಿ. ವೇಗದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇರಲಿಲ್ಲ, ಸಡಿಲ ಮಣ್ಣಿನಲ್ಲಿ ಚಕ್ರ ಜಾರುವುದು ಜಾಸ್ತಿ ಆಯಿತು ಅಷ್ಟೇ. ಮತ್ತೆ 17ಕ್ಕೆ ಬಂದೆ. ಮೊದಲು ಬ್ಯಾಟರಿ 12 ನಿಮಿಷ ಬರುತ್ತಿತ್ತು, ಈಗ 19.

ಗಾಡಿ ಹೊರಡುವ ರೀತಿಯೇ ಬೇರೆ ಈಗ. ಬದು ಹತ್ತಿಸಿದರೆ ಉಸಿರು ಕಟ್ಟದೆ ಹತ್ತುತ್ತದೆ.

ವೈಂಡಿಂಗ್_ಚಿಂತಾಮಣಿ

ಓದಿ ಸಂತೋಷ ಆಯಿತು ತಮ್ಮಾ. 74 ಅಂದರೆ ಸುಡುವ ಮಟ್ಟ ಅಲ್ಲ, ಆದರೆ ನಾನು 80 ಅನ್ನು ಗೆರೆ ಅಂತ ಇಟ್ಟುಕೊಳ್ಳುತ್ತೇನೆ. ಅಳೆದದ್ದು ಡಬ್ಬಿಯ ಹೊರಮೈ, ಒಳಗಿನ ತಾಮ್ರ ಇನ್ನೂ ಬಿಸಿ ಇರುತ್ತದೆ. ಸಾಮಾನ್ಯ ದರ್ಜೆಯ ನಿಯೋಡೈಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳಲು ಶುರು ಮಾಡುತ್ತದೆ, ಹಾಗೆ ಹೋದ ಬಲ ತಣ್ಣಗಾದ ಮೇಲೆ ಪೂರ್ತಿ ವಾಪಸ್ ಬರುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಇದೇ 74, 80 ಆಗುತ್ತದೆ. 17 ಇರಲಿ.

ಒಂದು ಬ್ಯಾಟರಿ ಮುಗಿದ ತಕ್ಷಣ ಇನ್ನೊಂದು ಹಾಕಿ ಓಡಿಸಬೇಡಿ. ಮೋಟಾರ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಲಿ.

ಚಾಂಪಿಯನ್‌ರೀಫ್_ಹುಡುಗ, ಕೆಜಿಎಫ್

ನಾನೂ ಸುಮ್ನೆ ಕೂರಲಿಲ್ಲ. ನನ್ನ ಗಾಡಿ ಎರಡು ವರ್ಷದಿಂದ 3ಎಸ್‌ನಲ್ಲಿ ಓಡುತ್ತಿದೆ, ಒಂದು ದಿನವೂ ಬಿಸಿ ಅಳೆದಿರಲಿಲ್ಲ. ಈ ಭಾನುವಾರ ಅಳೆದೆ, 88! ತಕ್ಷಣ ಪಿನಿಯನ್ ಮೂರು ಹಲ್ಲು ಇಳಿಸಿದೆ, 69ಕ್ಕೆ ಬಂತು.

ಇನ್ನೊಂದು ವಿಷಯ. ನಮ್ಮ ಊರಿನ ಸಯನೈಡ್ ದಿಬ್ಬದ (ಗಣಿಯಲ್ಲಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡೆ) ಹತ್ತಿರ ಜಾಗ ವಿಶಾಲವಾಗಿದೆ ಅಂತ ಹುಡುಗರು ಅಲ್ಲಿಗೆ ಗಾಡಿ ತರುತ್ತಾರೆ. ದಯವಿಟ್ಟು ಬೇಡ. ಆ ಪುಡಿ ಹಿಟ್ಟಿನಷ್ಟು ನುಣುಪು, ಬೇರಿಂಗ್ ಒಳಗೆ ಹೋಗುತ್ತದೆ, ಅದಕ್ಕಿಂತ ಮುಖ್ಯ ನಿಮ್ಮ ಎದೆಯೊಳಗೆ ಹೋಗುತ್ತದೆ.

ಸೊಣ್ಣೆಹಳ್ಳಿಯವನು, ಕೋಲಾರ

ಧೂಳಿನ ಮಾತು ಬಂತಲ್ಲ, ಒಂದು ಪ್ರಶ್ನೆ. ನಾವು ಕೆರೆ ಅಂಗಳದಲ್ಲಿ ಓಡಿಸುತ್ತಿದ್ದೆವು. 2018ರಿಂದ ಬೆಂಗಳೂರಿನಲ್ಲಿ ಶುದ್ಧೀಕರಿಸಿ ಕಳಿಸುವ ಕೆ.ಸಿ. ವ್ಯಾಲಿ ನೀರು ಒಂದೊಂದೇ ಕೆರೆಗೆ ಬಂತು, ನಮ್ಮದೂ ತುಂಬಿತು, ಈಗ ಟೊಮೆಟೊ ತೆಗೆದ ಹೊಲವೇ ಗತಿ. ಮೋಟಾರಿನ ಧೂಳು ಹೇಗೆ ತೆಗೆಯುತ್ತೀರಿ? ನೀರು ಹಾಕಿ ತೊಳೆಯಬಹುದಾ?

ವೈಂಡಿಂಗ್_ಚಿಂತಾಮಣಿ

ನೀರು ಬೇಡ. ಹಳೆ ಟೂತ್‌ಬ್ರಷ್‌ನಲ್ಲಿ ಹೊರಗಿನ ಮಣ್ಣು ಉಜ್ಜಿ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ, ಆದರೆ ಪಿನಿಯನ್ ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಗೆ ಮೋಟಾರ್ ತಿರುಗಬಾರದು. ಆಮೇಲೆ ಎರಡು ಬೇರಿಂಗ್‌ಗೂ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದು ತೊಟ್ಟು. ಜಾಸ್ತಿ ಹಾಕಿದರೆ ಅದೇ ಮಣ್ಣು ಹಿಡಿಯುತ್ತದೆ.

ಕೆಮ್ಮಣ್ಣು, ತುಮಕೂರು

ಯಜಮಾನ್ರೇ, ಆ ಸುಟ್ಟ 550 ಇನ್ನೂ ನನ್ನ ಹತ್ತಿರ ಇದೆ. ಅದನ್ನು ಬಿಚ್ಚಿ ಮತ್ತೆ ಸುತ್ತಬಹುದಾ? ಅಕ್ಕನ ಮಗಳು ಒಳಗೆ ಹೇಗಿರುತ್ತದೆ ನೋಡಬೇಕು ಅಂತ ಹಟ ಹಿಡಿದಿದ್ದಾಳೆ.

ವೈಂಡಿಂಗ್_ಚಿಂತಾಮಣಿ

ಸುತ್ತಬಹುದು. ಡಬ್ಬಿಯ ಅಂಚು ಮಡಚಿರುತ್ತದೆ, ನಿಧಾನವಾಗಿ ಎಬ್ಬಿಸಬೇಕು. ಲಾಭ ಇಲ್ಲ, ಆದರೆ ಮಗು ನೋಡಬೇಕು ಅಂದಿದೆಯಲ್ಲ, ಅದಕ್ಕೆ ಮಾಡೋಣ. ಒಂದು ಭಾನುವಾರ ಬೆಳಿಗ್ಗೆ ಅಂಗಡಿಗೆ ಕರೆದುಕೊಂಡು ಬನ್ನಿ, ಹತ್ತು ಗಂಟೆಯ ಮೇಲೆ ರೈತರು ಬರಲು ಶುರುವಾಗುತ್ತಾರೆ, ಅದಕ್ಕೆ ಮೊದಲೇ ಬನ್ನಿ. ತಂತಿ ನನ್ನ ಹತ್ತಿರ ಇದೆ. 12ರ ಬದಲು 20 ಟರ್ನ್ ಸುತ್ತೋಣ, ಸುತ್ತು ಅವಳೇ ಎಣಿಸಲಿ.